ಹೆಸರು ಕೊಡುವ ಶುಕ್ರವಾರ

ರಾಯಪುರ, ಮದರಾಸು
12 ಫೆಬ್ರವರಿ 1958

ಅಪ್ಪನಿಗೂ ಅಮ್ಮನಿಗೂ ಸುಮತಿಯ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ. ಪ್ರತಿ ಸಲ ಬರೆಯಬೇಕಲ್ಲ ಎಂದು ಬರೆಯುವ ಕ್ಷೇಮ ಅಲ್ಲ ಇದು, ನಿಜವಾದ ಕ್ಷೇಮ. ಅದಕ್ಕೇ ನನಗೆ ಹೆದರಿಕೆ ಹಿಡಿದಿದೆ.

ನಿಮ್ಮ ಅಳಿಯ ಕುಡಿಯದೆ ಇವತ್ತಿಗೆ ಐದು ವಾರ ಆಯಿತು. ಈ ಮದ್ಯನಿಷೇಧದ ಊರಿನಲ್ಲಿ ಇವರು ಕುಡಿಯುತ್ತಿದ್ದದ್ದು ಎಂತದೆಂದು ನಿಮಗೆ ಒಮ್ಮೆಯೂ ಬರೆದಿರಲಿಲ್ಲ. ಕಳ್ಳಭಟ್ಟಿ ಸಿಕ್ಕದ ದಿನ ಮರದ ಸಾಮಾನಿಗೆ ಬಳಿಯುವ ವಾರ್ನಿಷನ್ನೇ ನೀರಿಗೆ ಬೆರೆಸಿ ಕುಡಿಯುತ್ತಿದ್ದರು. ಜನವರಿಯಲ್ಲಿ ಇಲ್ಲಿ ಮೈದಾನದಲ್ಲಿ ದೊಡ್ಡ ಡೇರೆ ಹಾಕಿ ತಮಿಳಿನಲ್ಲಿ ಯೇಸುವಿನ ಪ್ರಸಂಗದ ಕೂಟ ನಡೆಸಿದರು. ಇವರು ಅಲ್ಲಿಗೆ ಹೋದದ್ದು ಪ್ರಸಂಗ ಕೇಳಲಿಕ್ಕಲ್ಲ. ಕೆಲಸ ಮುಗಿಸಿ ಹಂಚಿನ ಡಿಪೋದಿಂದ ಬರುವ ದಾರಿಯಲ್ಲಿ ಪೊಲೀಸಿನವರು ನಿಂತು ಒಬ್ಬೊಬ್ಬರ ಬಾಯಿ ಮೂಸಿ ನೋಡುತ್ತಿದ್ದರಂತೆ. ತಪ್ಪಿಸಿಕೊಳ್ಳಲಿಕ್ಕೆ ಡೇರೆಯೊಳಗೆ ನುಗ್ಗಿ ಜನರ ಮಧ್ಯೆ ಕೂತರು. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಸುಮತಿ, ನಾನು ಹೊಸದಾಗಿ ಹುಟ್ಟಿದೆ" ಎಂದರು. ನಾನು ಒಲೆಯ ಹತ್ತಿರ ಇದ್ದ ಕಬ್ಬಿಣದ ಸೌಟನ್ನು ಸೆರಗಿನಡಿ ಇಟ್ಟುಕೊಂಡೆ. ನನಗೆ ಆಗ ತೋಚಿದ್ದು ಅಷ್ಟೇ.

ಆ ದಿನದಿಂದ ಬೊಬ್ಬೆ ಇಲ್ಲ, ತಟ್ಟೆ ಎಸೆಯುವುದಿಲ್ಲ, ಕೈ ಎತ್ತುವುದಿಲ್ಲ. ರತ್ನಾವತಿ ನನ್ನ ಕಿವಿಯ ಹತ್ತಿರ ಬಂದು "ಅಪ್ಪಾಕ್ಕು ಒಡಂಬು ಸರಿಯಿಲ್ಲೆಯಾ?" ಎಂದು ಕೇಳುತ್ತಾಳೆ. ಎಂಟು ವರ್ಷದ ಹುಡುಗಿ, ಮನೆಯಲ್ಲಿ ಗಲಾಟೆ ಇಲ್ಲದಿದ್ದರೆ ಅಪ್ಪನಿಗೆ ಹುಷಾರಿಲ್ಲ ಎಂದೇ ಅವಳು ತಿಳಿದದ್ದು. ನಾವು ಕನ್ನಡದಲ್ಲಿ ಏನು ಹೇಳಿದರೂ ಅವಳ ಉತ್ತರ ತಮಿಳಿನಲ್ಲೇ.

ಅಪ್ಪ, ಮೊದಲಾದರೆ ಪೆಟ್ಟು ಯಾವಾಗ ಬೀಳುತ್ತದೆಂದು ನನಗೆ ಗೊತ್ತಿತ್ತು. ಸಂಬಳದ ದಿನ, ಆಮೇಲೆ ಶನಿವಾರಗಳು. ಉಳಿದ ದಿನ ಸ್ವಲ್ಪ ಉಸಿರು ಬಿಡಬಹುದಿತ್ತು. ಈಗ ಯಾವ ದಿನವೆಂದು ಕಾಯಬೇಕು? ಇವರು ನೀರು ಕುಡಿಯಲಿಕ್ಕೆ ಎದ್ದರೂ ನಾನು ಗೋಡೆಗೆ ಒತ್ತಿ ನಿಲ್ಲುತ್ತೇನೆ. ಇವರು ಅದನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಾರೆ.

ನೀವು ಮೂವತ್ತು ವರ್ಷ ಉಪದೇಶಿಯಾಗಿ ಸಭೆಗೆ ವೇದ ಕಲಿಸಿದವರು. ಮನುಷ್ಯ ನಿಜವಾಗಿ ಹೊಸದಾಗಿ ಹುಟ್ಟಿದನೆಂದು ತಿಳಿಯುವುದು ಹೇಗೆ? ಎಷ್ಟು ವಾರ ಆದ ಮೇಲೆ ನಂಬಬಹುದು? ಬೇಗ ಬರೆಯಿರಿ.

ನಿಮ್ಮ ಮಗಳು,
ಸುಮತಿ


ಪಡುಬೆಟ್ಟು, ದಕ್ಷಿಣ ಕನ್ನಡ
25 ಫೆಬ್ರವರಿ 1958

ಮಗಳು ಸುಮತಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ಬರಲಿಕ್ಕೆ ಆರು ದಿನ ಹಿಡಿಯಿತು. ನಮ್ಮನ್ನು ಮೈಸೂರಿಗೆ ಸೇರಿಸಿದ ಮೇಲೆ ಮದರಾಸಿನ ಟಪಾಲಿಗೆ ನಮ್ಮ ಮೇಲೆ ಮೊದಲಿನ ಪ್ರೀತಿ ಇಲ್ಲ ಎಂದು ನನ್ನ ಗುಮಾನಿ. ಅಮ್ಮನ ಕಣ್ಣಿಗೆ ಪೊರೆ ಬಂದಿರುವುದರಿಂದ ನಾನೇ ಓದಿ ಹೇಳಿದೆ, ಅದೂ ಮೂರು ಸಲ. ಸೌಟಿನ ವಿಷಯ ಮಾತ್ರ ಬಿಟ್ಟು ಓದಿದೆ. ಅವಳು ಅತ್ತಳು. ನಾನೂ ಅತ್ತೆ ಎಂದು ಬರೆದರೆ ತಪ್ಪಿಲ್ಲ. ಹೋದ ಭಾನುವಾರ ಸಭೆಯಲ್ಲಿ ಎದ್ದು ನಿಂತು, ನನ್ನ ಅಳಿಯ ಕಮಲಾಕರನಿಗೆ ಹೊಸ ಜನ್ಮವಾಗಿದೆ ಎಂದು ಎಲ್ಲರಿಗೂ ತಿಳಿಸಿದೆ. ಹನ್ನೊಂದು ವರ್ಷ ನಾವು ಬೇಡಿದ್ದು ವ್ಯರ್ಥವಾಗಲಿಲ್ಲ.

ನೀನು ಲಕ್ಷಣ ಕೇಳಿದ್ದೀ. ಸರಿಯಾದ ಪ್ರಶ್ನೆಯೇ. ಕೂಟದಲ್ಲಿ ಕೈ ಎತ್ತುವುದು ಲಕ್ಷಣವಲ್ಲ. ಅಳುವುದೂ ಅಲ್ಲ, ಅತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕುಡಿತ ಬಿಟ್ಟದ್ದು ಸಹ ಪೂರ್ತಿ ಲಕ್ಷಣವಲ್ಲ, ಡಾಕ್ಟರು ಹೆದರಿಸಿದರೂ ಬಿಡುವವರು ಇದ್ದಾರೆ. ಹೊಸ ಮನುಷ್ಯನಿಗೆ ಹಳೆಯ ಪಾಪ ಚುಚ್ಚುತ್ತದೆ. ತಾನು ಯಾರಿಗೆ ಅನ್ಯಾಯ ಮಾಡಿದೆನೋ ಅವನ ಮುಖ ಅವನನ್ನು ಬಿಡುವುದಿಲ್ಲ. ಅದನ್ನು ಸರಿಮಾಡುವವರೆಗೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಅಂಥದ್ದೇನಾದರೂ ಕಮಲಾಕರನಲ್ಲಿ ಕಂಡರೆ ಮರುಮಾತಿಲ್ಲದೆ ನಂಬು.

ಆ ವರ್ಷ ನೀನು ಮುರಿದ ಕೈಯೊಂದಿಗೆ ಬಂದಾಗ ನಾನು ನಿನ್ನನ್ನು ಹಿಂದಕ್ಕೆ ಕಳುಹಿಸಿದ್ದು ಸರಿಯಾಯಿತು ಎಂದು ಈಗ ಕಾಣುತ್ತದೆ. ಹಾಗೆಯೇ ಡಿಪೋದ ಕಾವಲಿನ ಐತನ ಕೇಸು. ನೀನು ಧೈರ್ಯವಾಗಿ ಕೋರ್ಟಿಗೆ ಹೋಗಿ ಸಾಕ್ಷಿ ಹೇಳದಿದ್ದರೆ, ಐತ ಡಿಪೋದಲ್ಲಿ ಅಡಗಿಸಿಟ್ಟ ಕಳ್ಳಭಟ್ಟಿ ಬಾಟ್ಲಿಗಳಿಗೆ ಕಮಲಾಕರ ಜೈಲಿಗೆ ಹೋಗುತ್ತಿದ್ದ. ಈ ದಿನವನ್ನು ನಾವು ಕಾಣುತ್ತಿರಲಿಲ್ಲ. ನಮ್ಮ ಊರಿನವನೆಂದು ಆ ಐತನನ್ನು ಅಲ್ಲಿಗೆ ಶಿಫಾರಸು ಮಾಡಿದವ ನಾನೇ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ. ಅವನ ತಾಯಿಯನ್ನು ಮಿಶನ್ ಹಿತ್ತಲಿನ ಗುಡಿಸಲಿನಿಂದ ಆಗಲೇ ಬಿಡಿಸಿದೆವು. ಕಳ್ಳಭಟ್ಟಿಯವನ ತಾಯಿ ಶಾಲೆ ಗುಡಿಸುವುದು ಚಂದವಲ್ಲ ಎಂದು ನಾನೇ ಕಮಿಟಿಯಲ್ಲಿ ಹೇಳಿದ್ದೆ.

ಹೆದರಬೇಡ. ಹೆದರಿಕೆ ಸಹ ಒಂದು ಅಭ್ಯಾಸ, ನಿಧಾನಕ್ಕೆ ಬಿಡುತ್ತದೆ.

ನಿನ್ನ ಅಪ್ಪ,
ಗಿದ್ಯೋನ, ನಿವೃತ್ತ ಉಪದೇಶಿ


ರಾಯಪುರ, ಮದರಾಸು
30 ಮಾರ್ಚ್ 1958

ಅಪ್ಪನಿಗೆ ಸಲಾಮು.

ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಬೇಡಿ.

ನೀವು ಬರೆದ ಲಕ್ಷಣದ ಮಾತನ್ನು ನಾನು ಬುದ್ಧಿ ಇಲ್ಲದೆ ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದರು. ಹಳೆಯ ಪಾಪದ ಮಾತು ಬಂದಾಗ ಬಟ್ಟಲನ್ನು ಕೆಳಗೆ ಇಟ್ಟರು. "ಮಾವ ಸರಿಯಾಗಿ ಬರೆದಿದ್ದಾರೆ" ಎಂದು ಹೇಳಿ ಡಿಪೋಗೆ ಹೋದರು. ಅವತ್ತಿನಿಂದ ಸರಿಯಾಗಿ ಊಟ ಮಾಡುವುದಿಲ್ಲ. ನೀವು ಅದನ್ನು ಬರೆಯದಿದ್ದರೆ ಎಷ್ಟು ಒಳ್ಳೆಯದಿತ್ತು.

ಮೊನ್ನೆ ಶುಕ್ರವಾರ ಈಸ್ಟರಿನ ಪವಿತ್ರ ಭೋಜನಕ್ಕೆ ಹೆಸರು ಕೊಡುವ ದಿನ. ಇಲ್ಲಿ ನಮ್ಮ ಕನ್ನಡದವರು ಮೂವತ್ತು ಮನೆ ಇದ್ದರೆ ಹೆಚ್ಚು, ತಮಿಳು ಸಭೆಯವರ ಹಿಂದಿನ ಕೋಣೆಯಲ್ಲಿ ಆರಾಧನೆ. ಆದರೂ ಊರಿನ ಪದ್ಧತಿ ಬಿಟ್ಟಿಲ್ಲ. ಭೋಜನಕ್ಕೆ ಬರುವವರು ಮುಂಚಿನ ಶುಕ್ರವಾರ ಬೋಧಕರ ಮುಂದೆ ನಿಂತು ಹೆಸರು ಬರೆಸಬೇಕು. ಬೋಧಕರು ಪ್ರತಿಯೊಬ್ಬರ ಹತ್ತಿರ "ನಿಮ್ಮ ಮೇಲೆ ಯಾರದ್ದಾದರೂ ದೂರು ಉಂಟಾ?" ಎಂದು ಕೇಳುತ್ತಾರೆ. ಎಲ್ಲರೂ ಇಲ್ಲ ಎನ್ನುತ್ತಾರೆ. ನಾನೂ ಇಲ್ಲ ಎಂದೆ. ಇವರು ನೆಲ ನೋಡಿ "ಉಂಟು. ಒಬ್ಬನದ್ದು ಉಂಟು. ನನ್ನ ಹೆಸರು ಬರೆಯಬೇಡಿ" ಎಂದರು. ಹಿಂದೆ ಸಾಲಿನಲ್ಲಿ ನಿಂತವರು ನನ್ನ ಕಡೆ ನೋಡಿದರು.

ಮನೆಗೆ ಬಂದು ಕಾಲು ಹಿಡಿದೆ. ಆ ವಿಷಯ ಎತ್ತಬೇಡಿ, ನಮಗೆ ಮಗು ಉಂಟು ಎಂದೆ. ಇವರು ನನ್ನನ್ನು ಎಬ್ಬಿಸಿ, "ನಾನು ಒಬ್ಬನೇ ಆಗಿದ್ದರೆ ಇವತ್ತೇ ಹೋಗುತ್ತಿದ್ದೆ, ನೀನೂ ಅದರಲ್ಲಿ ಇದ್ದೀ, ಅದಕ್ಕೆ ನಿನ್ನ ಒಪ್ಪಿಗೆ ಇಲ್ಲದೆ ಹೋಗುವುದಿಲ್ಲ" ಎಂದರು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪ್ಪ, ನಿಮ್ಮ ಮಾತಿಗೆ ಇವರಲ್ಲಿ ಬೆಲೆ ಉಂಟು. ಹಿಂದಿನದ್ದನ್ನು ಕೆದಕಬೇಡ ಎಂದು ಇವರಿಗೆ ಒಂದು ಪತ್ರ ಬರೆಯಿರಿ. ಕಾರಣ ನನ್ನನ್ನು ಕೇಳಬೇಡಿ.

ಸುಮತಿ


ಪಡುಬೆಟ್ಟು
9 ಏಪ್ರಿಲ್ 1958

ಸುಮತಿಗೆ,

ಕಾರಣ ಕೇಳಬೇಡ ಎಂದರೆ ನಾನು ಎಂತದನ್ನು ಬರೆಯುವುದು? ಕಮಲಾಕರ ಡಿಪೋದಿಂದ ಏನಾದರೂ ಕದ್ದನಾ? ಬೇರೆ ಹೆಂಗಸಿನ ವಿಷಯವಾ? ಯಾವುದಾದರೂ ಇರಲಿ, ಅವನು ಹೇಳಬೇಕೆಂದು ಮನಸ್ಸು ಮಾಡಿದರೆ ನೀನು ಅಡ್ಡ ನಿಲ್ಲುವುದು ಪಾಪ. ನೀನು ಉಪದೇಶಿಯ ಮಗಳು, ಇದನ್ನು ನಾನು ನಿನಗೆ ಕಲಿಸಬೇಕಾ? ಈ ಊರಿನ ಹೆಸರಿನ ಪುಸ್ತಕ ಮೂವತ್ತು ವರ್ಷ ನನ್ನ ಕೈಯಲ್ಲಿತ್ತು. ನೆರೆಮನೆಯವರೊಂದಿಗೆ ಮಾತು ಬಿಟ್ಟವರನ್ನೂ ನಾನು ಹಿಂದಕ್ಕೆ ಕಳುಹಿಸಿದ್ದೇನೆ, ರಾಜಿಯಾಗಿ ಬನ್ನಿ ಎಂದು.

"ನೀನೂ ಅದರಲ್ಲಿ ಇದ್ದೀ" ಎಂದನಂತೆ. ಅದರ ಅರ್ಥ ಏನು? ಬಿಡಿಸಿ ಬರೆ. ನಾನು ನಿನ್ನ ಅಪ್ಪ, ಪೊಲೀಸಿನವನಲ್ಲ.

ಅಪ್ಪ


ರಾಯಪುರ, ಮದರಾಸು
20 ಏಪ್ರಿಲ್ 1958

ಅಪ್ಪ,

ಬಿಡಿಸಿ ಬರೆಯುತ್ತೇನೆ. ಓದಿ ಮುಗಿಸುವವರೆಗೆ ಎದ್ದು ಹೋಗಬೇಡಿ.

ಆ ಬಾಟ್ಲಿಗಳು ಐತನದ್ದಲ್ಲ. ಇವರದ್ದು. ಐತ ಬೀಡಿ ಸಹ ಸೇದುವವನಲ್ಲ, ನಿಮಗೇ ಗೊತ್ತುಂಟು. ಹಂಚಿನ ಅಟ್ಟಿಗಳ ಮಧ್ಯೆ ನಾಲ್ಕು ಬಾಟ್ಲಿ ಸಿಕ್ಕಿದಾಗ ಕೀಲಿಕೈ ಇದ್ದದ್ದು ಇವರ ಹತ್ತಿರ, ರಾತ್ರಿ ಕಾವಲಿಗೆ ಮಲಗುತ್ತಿದ್ದದ್ದು ಐತ. ಇವರು ಐತನ ಕಡೆ ಬೆರಳು ತೋರಿಸಿದರು. ಪೊಲೀಸಿನವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೇರೆ ಯಾರಾದರೂ ನೋಡಿದವರು ಬೇಕಿತ್ತು. ಡಿಪೋಗೆ ಬುತ್ತಿ ಕೊಂಡುಹೋಗುತ್ತಿದ್ದದ್ದು ನಾನು.

ಕೋರ್ಟಿನಲ್ಲಿ ನನ್ನ ಕೈಗೆ ವೇದಪುಸ್ತಕ ಕೊಟ್ಟರು. ಇಂಗ್ಲಿಷಿನದ್ದು, ಕಪ್ಪು ರಟ್ಟು, ಯಾರ್ಯಾರೋ ಮುಟ್ಟಿ ಜಿಡ್ಡಾಗಿತ್ತು. ಅದರ ಮೇಲೆ ಕೈ ಇಟ್ಟು, ಐತ ಮುಂಡಾಸಿನೊಳಗೆ ಬಾಟ್ಲಿ ಸುತ್ತಿ ಒಳಗೆ ತಂದದ್ದನ್ನು ನನ್ನ ಕಣ್ಣಾರೆ ನೋಡಿದೆ ಎಂದು ಹೇಳಿದೆ. ಮ್ಯಾಜಿಸ್ಟ್ರೇಟರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು. ಉಪದೇಶಿ ಎಂದೆ. ಆಮೇಲೆ ಅವರು ಏನೂ ಕೇಳಲಿಲ್ಲ. ಐತ ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. "ಅಕ್ಕ" ಎಂದು ಕರೆಯುತ್ತಿದ್ದವ. ಅವತ್ತು ಸಹ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಕ್ಕ ಯಾಕೆ ಹೀಗೆ ಹೇಳುತ್ತಾರೆಂದು ಅವನಿಗೆ ಅರ್ಥವೇ ಆಗಲಿಲ್ಲ. ಒಂದು ವರ್ಷ ಕಠಿಣ ಸಜೆ ಆಯಿತು.

ಯಾಕೆ ಹೇಳಿದೆ ಎಂದು ಕೇಳುತ್ತೀರಿ. ಇವರು ಜೈಲಿಗೆ ಹೋದರೆ ಕೆಲಸ ಹೋಗುತ್ತದೆ, ರತ್ನಾವತಿಗೆ ಆಗ ಐದು ವರ್ಷ. ಅವಳನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗುವುದು? ಒಮ್ಮೆ ಊರಿಗೆ ಬಂದಿದ್ದೆ. ನೀವು ಕೈಗೆ ಪಟ್ಟಿ ಕಟ್ಟಿಸಿ ಮರುದಿನದ ಗಾಡಿಗೆ ಹತ್ತಿಸಿದಿರಿ. ಹೋಗಲಿಕ್ಕೆ ನನಗೆ ಬೇರೆ ಮನೆ ಇರಲಿಲ್ಲ ಅಪ್ಪ.

ಮೂರು ವರ್ಷ ಪ್ರತಿ ಭೋಜನಕ್ಕೂ ಹೆಸರು ಕೊಟ್ಟಿದ್ದೇನೆ, ದೂರು ಇಲ್ಲ ಎಂದು ಹೇಳಿದ್ದೇನೆ. ಇವರ ಹೊಸ ಜನ್ಮಕ್ಕೆ ನಾನು ಬೇಡಿದಷ್ಟು ಯಾರೂ ಬೇಡಿರಲಿಕ್ಕಿಲ್ಲ. ಆದರೆ ನಾನು ಬೇಡಿದ್ದು ಕುಡಿಯದ ಗಂಡನನ್ನು, ಇದನ್ನಲ್ಲ. ಈಗ ಬೀದಿಯಲ್ಲಿ ಖಾಕಿ ಅಂಗಿ ಕಂಡರೆ ಕೈಯಲ್ಲಿದ್ದದ್ದು ಬೀಳುತ್ತದೆ. ಕಾರ್ಪೊರೇಷನ್ನಿನ ಸೊಳ್ಳೆ ಔಷಧಿಯವನು ಬಾಗಿಲು ತಟ್ಟಿದರೂ ರತ್ನಾವತಿಯನ್ನು ಒಳಕ್ಕೆ ಎಳೆದುಕೊಳ್ಳುತ್ತೇನೆ. ಸುಳ್ಳು ಸಾಕ್ಷಿಗೆ ಹೆಂಗಸರನ್ನೂ ಜೈಲಿಗೆ ಹಾಕುತ್ತಾರಂತೆ.

ನಾನು ಏನು ಮಾಡಲಿ ಹೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಸುಮತಿ


(ಪೋಸ್ಟ್ ಕಾರ್ಡು)
ರಾಯಪುರ, 1 ಜೂನ್ 1958

ಅಪ್ಪನಿಗೆ. ಏಪ್ರಿಲ್ ಇಪ್ಪತ್ತಕ್ಕೆ ಬರೆದ ಪತ್ರ ತಲುಪಿತೇ? ಕಾರ್ಡಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಇಲ್ಲಿ ಬಿಸಿಲು ವಿಪರೀತ. ದಿನಾ ಟಪಾಲಿನವನ ದಾರಿ ನೋಡುತ್ತೇನೆ. ಸುಮತಿ


ಪಡುಬೆಟ್ಟು
3 ಜುಲೈ 1958

ಮಗಳೇ,

ಅಮ್ಮನಿಗೆ ಹುಷಾರಿಲ್ಲದ್ದರಿಂದ ತಡವಾಯಿತು ಎಂದು ಬರೆಯಲಿಕ್ಕೆ ಕೂತಿದ್ದೆ. ಅದು ಸುಳ್ಳಾಗುತ್ತಿತ್ತು. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಪತ್ರ ಏಪ್ರಿಲ್ ಕೊನೆಗೇ ತಲುಪಿತು. ಓದಿ ಒಲೆಗೆ ಹಾಕಿದೆ. ಇದನ್ನೂ ನೀನು ಹಾಗೆಯೇ ಮಾಡು.

ನಾನು ಬಹಳ ಯೋಚಿಸಿದೆ. ಐತ ಹೇಗೂ ಸಜೆ ಮುಗಿಸಿ ಹೊರಗೆ ಬಂದಾಯಿತು. ಆ ಒಂದು ವರ್ಷವನ್ನು ಇನ್ನು ಯಾರೂ ಅವನಿಗೆ ತಿರುಗಿ ಕೊಡಲಾರರು. ನೀವಿಬ್ಬರೂ ಈಗ ಜೈಲಿಗೆ ಹೋದರೆ ಅವನಿಗೆ ಏನು ಸಿಕ್ಕುತ್ತದೆ? ದೇವರು ಮನಸ್ಸನ್ನು ನೋಡುವವನು. ಮನೆಯೊಳಗೆ, ಬಾಗಿಲು ಹಾಕಿ, ಇಬ್ಬರೂ ಮೊಣಕಾಲೂರಿ ಅರಿಕೆ ಮಾಡಿಕೊಳ್ಳಿ. ಅಷ್ಟು ಸಾಕೆಂದು ನಾನು ಹೇಳುತ್ತೇನೆ. ಶುಕ್ರವಾರ ಹೋಗಿ ಹೆಸರು ಕೊಡಿ. ಕಮಲಾಕರನಿಗೂ ಹೇಳು, ಮಾವನ ಮಾತು ಎಂದು.

ಇದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಏನು ಅನ್ನುತ್ತಿದ್ದೆನೆಂದು ನನಗೆ ಗೊತ್ತುಂಟು. ನನಗೆ ಎಪ್ಪತ್ತೊಂದು ವರ್ಷ. ಹೊರಗೆ ಹೋದರೆ ಈಗಲೂ ಜನ ಎದ್ದು ನಿಂತು ಸಲಾಮು ಮಾಡುತ್ತಾರೆ. ಐತನ ತಾಯಿಯನ್ನು ಆ ದಿನ ಚಾಪೆ, ಮಡಕೆ ಸಮೇತ ಹೊರಗೆ ಕಳುಹಿಸಿದ್ದನ್ನು ಅವರೆಲ್ಲ ನೋಡಿದ್ದಾರೆ. ನನಗೆ ಹೆದರಿಕೆ ಆಗಿದೆ ಮಗಳೇ.

ಅಪ್ಪ


ರಾಯಪುರ, ಮದರಾಸು
27 ಜುಲೈ 1958

ಅಪ್ಪನಿಗೆ,

ನಿಮ್ಮ ಪತ್ರ ಬಂದ ದಿನ ನನಗೆ ಹಾಯೆನಿಸಿತು. ಉಪದೇಶಿಯ ಅಪ್ಪಣೆಯೇ ಸಿಕ್ಕಿದ ಮೇಲೆ ನನಗೆ ಇನ್ನೇನು ಬೇಕು? ಇವರಿಗೂ ಹೇಳಿದೆ. "ಮಾವ ಪಾಪ, ಹೆದರಿದ್ದಾರೆ" ಎಂದರು, ಅಷ್ಟೇ. ಶುಕ್ರವಾರ ನಾನು ಹೆಸರು ಕೊಟ್ಟೆ, ಇವರು ಕೊಡಲಿಲ್ಲ. ಭಾನುವಾರ ನಾನು ಮುಂದೆ ಹೋಗಿ ರೊಟ್ಟಿ ತೆಗೆದುಕೊಂಡೆ, ಇವರು ರತ್ನಾವತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಬೆಂಚಿನಲ್ಲೇ ಇದ್ದರು. ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಕೈ ಹಿಡಿದು, "ಪಾಪ, ನಿಮ್ಮವರು ಪುನಃ ಶುರುಮಾಡಿದರಾ?" ಎಂದು ಕೇಳಿದಳು. ಇವರು ಎರಡು ಮಾರು ದೂರದಲ್ಲಿ ನಿಂತಿದ್ದರು, ಕೇಳಿಸಿತು. ನಾನು ಇಲ್ಲ ಎನ್ನಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇವರು ಒಳಗೆ ಹೋಗಿ ಬೆಂಚು ಎತ್ತಿಡಲಿಕ್ಕೆ ಸಹಾಯ ಮಾಡಿದರು.

ಆಮೇಲೆ ಮಾಡಿದ್ದನ್ನು ಬರೆಯಲಿಕ್ಕೆ ನನಗೆ ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. ಸೋಮವಾರ ಪ್ಯಾರೀಸ್ ಕಾರ್ನರಿನ ಹತ್ತಿರ ಬಣ್ಣದ ಅಂಗಡಿಗೆ ಹೋಗಿ, ಇವರು ಮೊದಲು ಕುಡಿಯುತ್ತಿದ್ದ ಅದೇ ವಾರ್ನಿಷ್ ಒಂದು ಬಾಟ್ಲಿ ಕೊಂಡು ತಂದೆ. ಇವರ ಕ್ಷೌರದ ಸಾಮಾನಿನ ಪಕ್ಕ ಇಟ್ಟೆ. ಕುಡಿಯಲಿ, ಹಳೆಯ ಮನುಷ್ಯನಾಗಲಿ, ಬೇಕಾದರೆ ಹೊಡೆಯಲಿ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹನ್ನೊಂದು ವರ್ಷ ಕಣ್ಣೀರು ಹಾಕಿ ಬೇಡಿದವಳು ನಾನೇ ಅಪ್ಪ, ಅಂಗಡಿಯವನ ಮುಂದೆ ನಿಂತು ದೊಡ್ಡ ಬಾಟ್ಲಿಯೇ ಕೊಡಿ ಎಂದವಳೂ ನಾನೇ.

ಸಂಜೆ ಬಂದು ನೋಡಿದರು. ಬಾಟ್ಲಿಯನ್ನು ಕೈಗೆ ತೆಗೆದುಕೊಂಡರು. ಬಿರಡೆ ತೆಗೆದು ಮೂಸಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕುಡಿಯಲಿ ಎಂದು ಬೇಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಂದು ಹಳೆಯ ಬನಿಯನ್ನಿನ ಚೂರು ಕೇಳಿದರು. ರತ್ನಾವತಿಯ ಶಾಲೆಯ ಮರದ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಬಟ್ಟೆಗೆ ವಾರ್ನಿಷ್ ಹಾಕಿ ಉಜ್ಜಲಿಕ್ಕೆ ಕೂತರು. ಬಾಟ್ಲಿ ಖಾಲಿಯಾಗುವವರೆಗೆ ಉಜ್ಜಿದರು. ಅದು ಮುಗಿದ ಮೇಲೆ ಮಣೆಗೂ ಬಳಿದರು. ಯಾರು ತಂದದ್ದು ಎಂದು ನನ್ನನ್ನು ಕೇಳಲಿಲ್ಲ. ರತ್ನಾವತಿ ಪಕ್ಕದಲ್ಲಿ ಕೂತು "ಇಂಗೆ ವಿಟ್ಟುಟ್ಟೀಂಗ ಅಪ್ಪಾ" ಎಂದು ಬಿಟ್ಟುಹೋದ ಜಾಗಗಳನ್ನು ತೋರಿಸುತ್ತಿದ್ದಳು. ಅವಳಿಗೆ ಇವರ ಹತ್ತಿರ ಕೂರಲಿಕ್ಕೆ ಈಗ ಹೆದರಿಕೆ ಇಲ್ಲ. ನಾನು ಅದನ್ನು ಅವತ್ತೇ ಗಮನಿಸಿದ್ದು.

ನೀವು ಬರೆದ ಲಕ್ಷಣಗಳೆಲ್ಲ ಸರಿಯಾಗಿಯೇ ಇದ್ದವು ಅಪ್ಪ. ನಾನು ಇವರಲ್ಲಿ ಹುಡುಕುತ್ತಾ ಕೂತೆ. ನನ್ನಲ್ಲಿ ಒಂದಾದರೂ ಉಂಟಾ ಎಂದು ನೋಡಲಿಲ್ಲ. ಮರುದಿನ ಬೆಳಿಗ್ಗೆ, ಐತನ ಮನೆಗೆ ಕರೆದುಕೊಂಡು ಹೋಗಿ ಎಂದೆ.

ಐತ ಸೌಕಾರ್‌ಪೇಟೆಯ ಹಿಂದಿನ ಒಂದು ಸಂದಿಯಲ್ಲಿ ಇದ್ದಾನೆ. ಬಟ್ಟೆ ಗಂಟುಗಳ ಕೈಗಾಡಿ ಎಳೆಯುತ್ತಾನೆ. ನಮ್ಮನ್ನು ನೋಡಿದ ಕೂಡಲೇ ಎದ್ದು, ಹಿಂದಿನ ಬಾಗಿಲ ಕಡೆ ಓಡಲಿಕ್ಕೆ ನೋಡಿದ. ಇವರು ಅವನ ಮುಂದೆ ನೆಲದಲ್ಲಿ ಕೂತು ಎಲ್ಲ ಹೇಳಿದರು. ನಾನೂ ಹೇಳಿದೆ. ಕೋರ್ಟಿಗೆ ಹೋಗಿ ನಿಜ ಹೇಳುತ್ತೇವೆ, ನಿನ್ನ ಹೆಸರು ಶುದ್ಧವಾಗುತ್ತದೆ ಎಂದೆವು. ಅವನು ಕೈಮುಗಿದು, "ಬೇಡ ಅಕ್ಕ, ಪುನಃ ನನ್ನನ್ನು ಅಲ್ಲಿಗೆ ಕರೆಯುತ್ತಾರೆ, ಬಂದರೆ ಬಿಡುವುದಿಲ್ಲ" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. ನನಗಿಂತ ಹೆಚ್ಚು ಹೆದರಿದ ಮನುಷ್ಯನನ್ನು ನಾನು ಅವತ್ತೇ ನೋಡಿದ್ದು, ಅವನನ್ನು ಹಾಗೆ ಮಾಡಿದವಳು ನಾನು.

ಅವನ ಹೆಂಡತಿ ಹೆದರುವವಳಲ್ಲ. ನಮಗೆ ಕೂರಲಿಕ್ಕೆ ಚಾಪೆ ಸಹ ಹಾಕಲಿಲ್ಲ. "ಇಲ್ಲಿ ಬಂದು ಅಳುವುದು ಬೇಡ" ಎಂದಳು. "ಸುಳ್ಳು ಎಲ್ಲಿ ಹೇಳಿದಿರೋ ಅಲ್ಲಿಯೇ ಹೋಗಿ ನಿಜ ಹೇಳಿ. ನೀವು ಕೋರ್ಟಿನಲ್ಲಿ ಹೇಳಿದಿರಿ, ಕೋರ್ಟಿನಲ್ಲಿ ಹೇಳಿ. ನಿಮ್ಮ ಗಂಡ ಡಿಪೋದಲ್ಲಿ ಹೇಳಿದರು, ಅಲ್ಲಿ ಹೇಳಲಿ. ಊರಿನಲ್ಲಿ ನನ್ನ ಅತ್ತೆಯನ್ನು ಹೊರಗೆ ಹಾಕಿ ಹೇಳಿದವರು ನಿಮ್ಮ ಅಪ್ಪ. ಅವರಿಗೂ ಬಾಯಿ ಉಂಟಲ್ಲ."

ಇವರು ಡಿಪೋದಲ್ಲಿ ಹೇಳಿ ಆಯಿತು. ಮ್ಯಾನೇಜರು ಸೀತಾರಾಮ ರಾಯರು ಅದೇ ದಿನ ಕೆಲಸದಿಂದ ತೆಗೆದರು. ಆಗಸ್ಟ್ ಹದಿನೆಂಟು, ಸೋಮವಾರ, ವಕೀಲರೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತೇವೆ. ಏಳು ವರ್ಷದವರೆಗೂ ಹಾಕಬಹುದು, ಅಷ್ಟು ಹಾಕಲಿಕ್ಕಿಲ್ಲ, ಆದರೆ ಹಾಕುವುದಿಲ್ಲ ಎಂದು ನಾನು ಮಾತು ಕೊಡಲಾರೆ ಎಂದರು ವಕೀಲರು. ನನಗೆ ಧೈರ್ಯ ಬಂದಿದೆ ಎಂದು ತಿಳಿಯಬೇಡಿ. ಹೆದರಿಕೊಂಡೇ ಹೋಗುತ್ತೇನೆ.

ನಿಮ್ಮ ಹತ್ತಿರ ಎರಡು ಕೇಳುತ್ತೇನೆ. ನಾವಿಬ್ಬರೂ ಹೋಗಬೇಕಾಗಿ ಬಂದರೆ ರತ್ನಾವತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ, ನನ್ನನ್ನು ಕಳುಹಿಸಿದ ಹಾಗೆ ಅವಳನ್ನು ಕಳುಹಿಸಬೇಡಿ. ಎರಡನೆಯದು ಐತನ ತಾಯಿ. ನಾನು ಅದನ್ನು ಬಿಡಿಸಿ ಬರೆಯಬೇಕಾಗಿಲ್ಲ. ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿ.

ಸುಮತಿ


ಪಡುಬೆಟ್ಟು
10 ಆಗಸ್ಟ್ 1958

ಮಗಳು ಸುಮತಿಗೆ,

ಪತ್ರ ಬಂದು ನಾಲ್ಕು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಐದನೆಯ ದಿನ ಅಮ್ಮನಿಗೆ ಪೂರ್ತಿ ಓದಿದೆ, ಒಂದು ಅಕ್ಷರ ಬಿಡಲಿಲ್ಲ. ಸೌಟಿನ ವಿಷಯವನ್ನೂ ಈಗ ಹೇಳಿದೆ. ಅವಳು, "ಅವಳನ್ನು ಆವತ್ತು ಹಿಂದಕ್ಕೆ ಕಳುಹಿಸಿದ್ದು ತಪ್ಪಾಯಿತು ಎಂದು ಮೊದಲು ಬರೆಯಿರಿ, ಉಳಿದದ್ದು ಆಮೇಲೆ" ಎಂದಳು. ಬರೆದಿದ್ದೇನೆ. ತಪ್ಪಾಯಿತು ಮಗಳೇ. ಇದು ಅವಳು ಬರೆಸಿದ್ದು ಮಾತ್ರವಲ್ಲ.

ಐತನ ತಾಯಿ ಈಗ ಕಡಲಬದಿಯಲ್ಲಿ, ಮೀನು ಒಣಗಿಸುವವರ ಜೊತೆ ಇದ್ದಾಳೆ. ಮೀನಿಗೆ ಉಪ್ಪು ಹಾಕುವ ಕೆಲಸ. ನಿನ್ನೆ ಮಧ್ಯಾಹ್ನ ಗಂಡಸರು ಯಾರೂ ಇರದ ಹೊತ್ತು ನೋಡಿಕೊಂಡು ಹೋದೆ. ಮೆಲ್ಲಗೆ ಹೇಳಿ ಬಂದುಬಿಡಬೇಕು ಎಂದು ನನ್ನ ಆಸೆ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ಅವಳ ಹತ್ತಿರ ಕೂತು ಮೆಲ್ಲಗೆ ಹೇಳಿದೆ. ಅವಳು "ಎಂತ?" ಎಂದಳು. ಪುನಃ ಹೇಳಿದೆ. ಪುನಃ "ಎಂತ?" ಎಂದಳು. ಕೂಗದಿದ್ದರೆ ಅವಳಿಗೆ ಈಗ ಕಿವಿ ಕೇಳುವುದಿಲ್ಲ, ನನಗೆ ತಿಳಿದೇ ಇರಲಿಲ್ಲ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಅವಳ ಹತ್ತಿರ ಮಾತಾಡಲಿಲ್ಲವಲ್ಲ.

ಕೊನೆಗೆ ಎದ್ದು ನಿಂತು, ಪ್ರಸಂಗ ಮಾಡುತ್ತಿದ್ದ ಗಂಟಲಿನಲ್ಲಿ ಕೂಗಿ ಹೇಳಬೇಕಾಯಿತು. ನಿನ್ನ ಮಗ ಕುಡಿಯಲಿಲ್ಲ, ಬಾಟ್ಲಿ ನನ್ನ ಅಳಿಯನದ್ದು, ನನ್ನ ಮಗಳು ಸುಳ್ಳು ಸಾಕ್ಷಿ ಹೇಳಿದಳು, ಏನೂ ವಿಚಾರಿಸದೆ ನಿನ್ನನ್ನು ಹೊರಗೆ ಹಾಕಿದವ ನಾನು. ಮೂರು ಸಲ ಕೂಗಿದೆ. ಮಳೆ ಬಿಟ್ಟ ಬಿಸಿಲಿಗೆ ಮೀನು ಹರಡುತ್ತಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನಿಂತರು. ದೋಣಿಯ ಮರೆಯಲ್ಲಿ ಬಲೆ ಹೊಲಿಯುತ್ತಿದ್ದ ಗಂಡಸರು ಸಹ ಎದ್ದು ಬಂದರು, ಅವರು ಅಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಸಭೆಯಲ್ಲಿ ಪುನಃ ಹೇಳಿದೆ, ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಎದ್ದು ಸಲಾಮು ಮಾಡಲಿಲ್ಲ.

ಅವಳು ಮೂರನೆಯ ಸಲಕ್ಕೆ, "ಕೇಳಿತು ಉಪದೇಶಿಗಳೇ, ಅಷ್ಟು ಬೊಬ್ಬೆ ಹಾಕಬೇಡಿ. ಐತ ಕುಡಿಯುವುದಿಲ್ಲವೆಂದು ನನಗೆ ಗೊತ್ತುಂಟು. ನಿಮಗೆ ಗೊತ್ತಾಗಲಿಕ್ಕೆ ಮೂರು ವರ್ಷ ಬೇಕಾಯಿತಾ?" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕೇಳಲಿಕ್ಕೆ ನನಗೂ ಮುಖ ಇರಲಿಲ್ಲ. ಪುನಃ ಮೀನಿನ ಕಡೆ ತಿರುಗಿ ಕೂತಳು. ನಾನು ಹೊರಟೆ.

ಹತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಹಿಂದಿನಿಂದ ಕರೆದಳು. "ಹಾಗಾದರೆ ನಿಮ್ಮ ಮಗಳನ್ನು ಒಳಗೆ ಹಾಕುತ್ತಾರಾ?" ಎಂದು ಕೇಳಿದಳು. ಹಾಕಬಹುದು ಎಂದು ಕೂಗಿದೆ. ಅವಳು ಕೈ ಒರೆಸಿಕೊಂಡು ಎದ್ದು, ಮಡಕೆಯಿಂದ ಎರಡು ಹಿಡಿ ಉಪ್ಪು ತೆಗೆದು ಒಂದು ಬಟ್ಟೆಯ ಚೂರಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಅಲ್ಲಿನ ಗಂಜಿಗೆ ಉಪ್ಪು ಹಾಕುವುದಿಲ್ಲವಂತೆ, ಐತ ಹೇಳಿದ್ದ. ಮೊದಲ ನಾಲ್ಕು ದಿನ ಇಳಿಯುವುದೇ ಇಲ್ಲವಂತೆ" ಎಂದಳು.

ಶುಕ್ರವಾರ ಮಂಗಳೂರಿನಲ್ಲಿ ಗಾಡಿ ಹತ್ತುತ್ತೇವೆ, ನಾನೂ ಅಮ್ಮನೂ. ಶನಿವಾರ ಅಲ್ಲಿ ಇರುತ್ತೇವೆ. ಸೋಮವಾರ ನಾನು ನಿಮ್ಮ ಜೊತೆ ಕೋರ್ಟಿಗೆ ಬರುತ್ತೇನೆ, ಅಮ್ಮ ರತ್ನಾವತಿಯ ಹತ್ತಿರ ಇರುತ್ತಾಳೆ. ಉಪ್ಪಿನ ಕಟ್ಟನ್ನು ಪೆಟ್ಟಿಗೆಗೆ ಹಾಕಲಿಲ್ಲ, ಕೈಯಲ್ಲೇ ತರುತ್ತೇನೆ.

ಅಪ್ಪ